ಹಳೆ ಮಿಯಾಟಾಗೆ ಸರಿಹೊಂದುವ ಸ್ಟೆಪ್ನಿ: ನನ್ನ ಅನುಭವ

ಆಗಲ್ಲ ಅಂದವರೇ ಜಾಸ್ತಿ. "ಆ ಡಿಕ್ಕಿಯಲ್ಲಿ ಅದು ಕೂರಲ್ಲ", "ಪಂಕ್ಚರ್ ಕಿಟ್ ಇಟ್ಕೊಂಡು ಸುಮ್ನಿರಿ", "ಎದುರಿನ ಬ್ರೇಕಿಗೆ ತಾಗುತ್ತೆ". ಈಗ ನನ್ನ ಮೊದಲ ತಲೆಮಾರಿನ ಮಿಯಾಟಾದಲ್ಲಿ (ಮಾಜ್ದಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು) ಹಿಂದೆ ಮುಂದೆ ಎಲ್ಲಿ ಬೇಕಾದರೂ ಹಾಕಬಹುದಾದ ಸ್ಟೆಪ್ನಿ ಇದೆ. ಡಿಕ್ಕಿಯೂ ಮುಚ್ಚುತ್ತದೆ. ಅಂದವರು ಬಂದು ನೋಡಿಕೊಂಡು ಹೋದರು.

ಕಾರಿನ ಸ್ಥಿತಿ ಹೇಳಿಬಿಡುತ್ತೇನೆ. 1.8 ಎಂಜಿನ್, ಹಿಂದೆ ಟಾರ್ಸೆನ್ ಡಿಫರೆನ್ಷಿಯಲ್ (ಎರಡು ಹಿಂಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆ), ಎದುರಿಗೆ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಅಮುಕುವ ಭಾಗ), 195/50 ಆರ್15 ಟೈರು. ಕಂಪನಿಯಿಂದ ಬಂದ ಸ್ಟೆಪ್ನಿ ಟಿ115/70 ಡಿ14. ಅದರ ಮೇಲಿನ ತಾರೀಕಿನ ಸಂಖ್ಯೆ ಮೂರೇ ಅಂಕಿಯದ್ದು, ಅಂದರೆ 2000ಕ್ಕೂ ಹಿಂದಿನದು. ಗಾಳಿಯೇನೋ 60 ಪಿಎಸ್‌ಐ ಹಿಡಿಯುತ್ತಿತ್ತು. ಆದರೆ ರಿಮ್ಮಿನ ಅಂಚಿನಲ್ಲಿ ರಬ್ಬರು ಸುತ್ತಲೂ ಸೀಳು ಬಿಟ್ಟಿತ್ತು, ಉಗುರು ಹಾಕಿದರೆ ಒಳಗೆ ಹೋಗುತ್ತಿತ್ತು. ಅದು ಚೆನ್ನಾಗಿದ್ದರೂ ಉಪಯೋಗವಿರಲಿಲ್ಲ ಬಿಡಿ. 14 ಇಂಚಿನ ರಿಮ್ಮು ಆ ಕ್ಯಾಲಿಪರ್ ಮೇಲೆ ಕೂರುವುದೇ ಇಲ್ಲ. ಹಿಂದೆ ಹಾಕೋಣ ಅಂದರೆ ವ್ಯಾಸ ಸುಮಾರು 60 ಮಿ.ಮೀ. ಕಡಿಮೆ. ಎರಡು ಹಿಂಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಿ, ನೇರ ರಸ್ತೆಯಲ್ಲೂ ಟಾರ್ಸೆನ್ ಪೂರ್ತಿ ಹೊತ್ತು ತಿರುವಿನಲ್ಲಿದ್ದ ಹಾಗೆ ತಿಕ್ಕಾಡುತ್ತಿರುತ್ತದೆ.

ಮೊದಲು ಅದೇ ಅಳತೆಯ ಹೊಸ ಟೈರು ಹುಡುಕಿದೆ. ಸಿಕ್ಕಿದ್ದಕ್ಕೆ ಕೇಳಿದ ದುಡ್ಡಿನಲ್ಲಿ ಓಡುವ ಟೈರು ಎರಡು ಬರುತ್ತಿತ್ತು. ಕೈಬಿಟ್ಟೆ. ಖರ್ಚಿಲ್ಲದ ದಾರಿ ಅಂತ ನನ್ನ ಹಳೆ ಸೆಟ್ಟಿನ ಒಂದು ಪೂರ್ತಿ ಚಕ್ರವನ್ನೇ ಡಿಕ್ಕಿಗೆ ಇಳಿಸಿದೆ. ಹಿಡಿಸಿತು, ಆದರೆ ಬೇರೇನೂ ಹಿಡಿಸಲಿಲ್ಲ. ಒಂದು ಕೈಚೀಲಕ್ಕೂ ಜಾಗವಿಲ್ಲದ ಕಾರಲ್ಲಿ ಎಲ್ಲಿಗೆ ಅಂತ ಹೋಗೋದು?

ಆಮೇಲೆ ಗುಜರಿಯಿಂದ ಒಂದು ಹ್ಯಾಚ್‌ಬ್ಯಾಕಿನ 15 ಇಂಚಿನ ತೆಳು ಸ್ಟೆಪ್ನಿ ತಂದೆ, 125/70. ಬೋಲ್ಟ್ 4×100 (100 ಮಿ.ಮೀ. ವೃತ್ತದ ಮೇಲೆ ನಾಲ್ಕು), ಸರಿ. ನಡುವಿನ ತೂತು 56.1 ಮಿ.ಮೀ., ಅದು ಕೂರಬೇಕಾದ ನಮ್ಮ ಹಬ್ 54.1, ಹಾಗಾಗಿ ಒಂದು ರಿಂಗ್ ಹಾಕಿದೆ. ಅಲ್ಲಿಗೆ ಮುಗಿಯಿತು ಅಂದುಕೊಳ್ಳುವಾಗ ಚಕ್ರ ತಿರುಗಲೇ ಇಲ್ಲ. ಕಿರಿದಾದ ರಿಮ್ಮಿನಲ್ಲಿ ನಡುವಿನ ತಗ್ಗು ಸರಿಯಾಗಿ ಕ್ಯಾಲಿಪರ್ ನೆತ್ತಿಯ ಮೇಲೇ ಬರುತ್ತದೆ. 15 ಇಂಚು ಅಂದ ಮಾತ್ರಕ್ಕೆ ಒಳಗೆ ಜಾಗ ಇದೆ ಅಂತ ಅರ್ಥವಲ್ಲ. ಅರ್ಧ ಬೆಲೆಗೆ ಮಾರಿದೆ.

ಕೊನೆಗೆ ಕೈ ಹಿಡಿದದ್ದು ಜಪಾನಿನ ಕೇ ಕಾರು, ಅಂದರೆ ಅಲ್ಲಿನ ಪುಟಾಣಿ ಕಾರುಗಳ ವರ್ಗ. ಸುಜುಕಿ ಹಸ್ಲರ್‌ಗೆ ಬರುವ ಸ್ಟೀಲ್ ಚಕ್ರ ನೋಡಿ: 15×4.5ಜೆ (ವ್ಯಾಸ 15 ಇಂಚು, ಅಗಲ 4.5), ಆಫ್‌ಸೆಟ್ 45 (ಹಬ್‌ಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ 45 ಮಿ.ಮೀ. ಹೊರಗೆ), 4×100. ನಡುವಿನ ತೂತೂ ನಮ್ಮದೇ. ಇದು ತಾತ್ಕಾಲಿಕ ಸ್ಟೆಪ್ನಿಯ ರಿಮ್ಮಲ್ಲ, ದಿನಾ ಓಡುವ ಚಕ್ರ. ಟೈರು 165/60 ಆರ್15, ವ್ಯಾಸ 579 ಮಿ.ಮೀ. ನನ್ನ 195/50ರದ್ದು 576. ಈ ಲೆಕ್ಕ ಹಾಕಿದ ದಿನ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಬಳಸಿದ ಚಕ್ರ, ಟೈರು ಸಮೇತ, ಆ ಹೊಸ ಟಿ115 ಟೈರಿಗೆ ಕೇಳಿದ್ದರ ಮೂರನೇ ಒಂದು ಭಾಗಕ್ಕೆ ಸಿಕ್ಕಿತು. ಇದೂ ಕ್ಯಾಲಿಪರ್‌ಗೆ ತೀರಾ ಹತ್ತಿರ. ಆಟದ ಜೇಡಿಮಣ್ಣಿನ ಉಂಡೆಯನ್ನು ಕ್ಯಾಲಿಪರ್ ನೆತ್ತಿಗೆ ಮೆತ್ತಿ, ಚಕ್ರ ಹಾಕಿ, ನಟ್ ಬಿಗಿದು, ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ ಬಿಚ್ಚಿದೆ. ಮಣ್ಣು ಕಾಗದದಷ್ಟು ತೆಳುವಾಗಿತ್ತು. ಹಬ್ಬಿಗೂ ಚಕ್ರಕ್ಕೂ ನಡುವೆ 5 ಮಿ.ಮೀ. ಸ್ಪೇಸರ್ ಬಿಲ್ಲೆ ಹಾಕಿ ಮತ್ತೆ ನೋಡಿದೆ: 3 ಮಿ.ಮೀ.ಗೆ ಸ್ವಲ್ಪ ಮೇಲೆ. ಸಾಕು.

ಸ್ಪೇಸರ್ ಅಂದ ಕೂಡಲೇ ಸ್ಟಡ್ (ನಟ್ ಕೂರುವ, ಹಬ್ಬಿನಿಂದ ಹೊರಬಂದ ಮರೆ ಕಡ್ಡಿ) ಉದ್ದ ಸಾಲಲ್ಲ ಅನ್ನುತ್ತಾರೆ. ಸ್ಟೀಲ್ ಚಕ್ರದ ತಗಡು ಅಲಾಯ್‌ಗಿಂತ ತೆಳು, ಅಲ್ಲೇ ಆ 5 ಮಿ.ಮೀ. ವಾಪಸ್ ಸಿಗುತ್ತದೆ. ಎಂ12×1.5 ಸ್ಟಡ್‌ಗೆ ನಟ್ ಕನಿಷ್ಠ 8 ಸುತ್ತು ಹಿಡಿಯಬೇಕು. ಎಣಿಸಿದೆ, ಜಾಸ್ತಿಯೇ ಇತ್ತು. ಒಂದು ವಿಷಯ ನೋಡಿಕೊಳ್ಳಿ: ಅಲಾಯ್‌ಗೆ ಹಾಕಿದ ಟೋಪಿ ಮುಚ್ಚಿದ ನಟ್‌ಗಳನ್ನು ಇದಕ್ಕೆ ಹಾಕಬೇಡಿ. ತಗಡು ತೆಳುವಾದ್ದರಿಂದ, ಸ್ಪೇಸರ್ ಇಲ್ಲದ ಹಿಂದಿನ ಕಡೆಯಲ್ಲಿ ನಟ್ಟಿನ ತಲೆ ಸ್ಟಡ್ ತುದಿಗೆ ಗುದ್ದಿ ನಿಲ್ಲುತ್ತದೆ. ಬಿಗಿಯಾಯಿತು ಅಂತ ಕೈಗೆ ಅನ್ನಿಸುತ್ತದೆ, ಚಕ್ರ ಮಾತ್ರ ಸಡಿಲ. ತುದಿ ತೆರೆದ ನಾಲ್ಕು ನಟ್, ಸ್ಪೇಸರ್, 21ರ ಸಾಕೆಟ್, ಎಲ್ಲ ಒಂದೇ ಚೀಲದಲ್ಲಿ ಸ್ಟೆಪ್ನಿಯ ಗುಂಡಿಯೊಳಗೆ ಇಟ್ಟಿದ್ದೇನೆ.

ಇನ್ನು ಡಿಕ್ಕಿ. 165ರ ಟೈರು ದಪ್ಪವಾಯಿತು. ಅದನ್ನು ಬಿಚ್ಚಿಸಿ ಸ್ಮಾರ್ಟ್ ಕಾರಿನ ಎದುರಿಗೆ ಬರುವ 145/65 ಆರ್15 ಹಾಕಿಸಿದೆ. ವ್ಯಾಸ 570ರ ಹತ್ತಿರ, ಈಗಲೂ ಶೇಕಡಾ 1ರಷ್ಟೇ ವ್ಯತ್ಯಾಸ. ಟೈರು ಅಂಗಡಿಯವರು "ಇದು ಈ ಕಾರನ್ನ ಹೊರುತ್ತಾ ಸಾರ್?" ಅಂದರು. ಲೋಡ್ ಇಂಡೆಕ್ಸ್ 72 ಅಂದರೆ 355 ಕಿಲೋ. ನಮ್ಮದು ಒಂದು ಟನ್ನಿನ ಆಸುಪಾಸಿನ ಕಾರು, ತೂಕ ಹಿಂದೆ ಮುಂದೆ ಹೆಚ್ಚುಕಡಿಮೆ ಸಮ. ಇಬ್ಬರು ಕೂತರೂ ಒಂದು ಚಕ್ರಕ್ಕೆ 300 ದಾಟುವುದಿಲ್ಲ. ಹಳೇ ಸ್ಟೆಪ್ನಿ ಹಿಡಿಯುತ್ತಿದ್ದ ಬೋಲ್ಟ್ ಗಿಡ್ಡವಾಯಿತು, ಸುಮಾರು 40 ಮಿ.ಮೀ. ಉದ್ದದ್ದು ಹಾಕಿದೆ. ಚಕ್ರವನ್ನು ಓರೆಯಾಗಿ ಕೂರಿಸಲು ಒಂದು ಬ್ರಾಕೆಟ್ ಮಾಡಿಸಿದ್ದೇನೆ. ಅದರ ಅಳತೆ ಮಾತ್ರ ನನ್ನ ಹತ್ತಿರವೇ ಇರಲಿ, ಅದಕ್ಕೇ ಜಾಸ್ತಿ ತಗಡು ಹಾಳಾಗಿದ್ದು. ಬ್ಯಾಟರಿಯೂ ಡಿಕ್ಕಿಯಲ್ಲೇ ಇದೆಯಲ್ಲ, ಅದರ ಗಾಳಿ ಕೊಳವೆ ಟೈರಿನಡಿ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ.

ಮಧ್ಯೆ ಸೀಲಂಟ್ ಡಬ್ಬಿಯನ್ನೂ ಒಂದು ಸವೆದ ಟೈರಿನ ಮೇಲೆ ಪರೀಕ್ಷಿಸಿದೆ. ಮೊಳೆ ತೂತು ಮುಚ್ಚಿತು. ಪಕ್ಕದ ಗೋಡೆಗೆ ಚಾಕು ಹಾಕಿದೆ. ಡಬ್ಬಿ ಖಾಲಿಯಾಯಿತು, ನೆಲವೆಲ್ಲ ಬಿಳಿ ನೊರೆ. ರಿಮ್ಮು ಒರೆಸುವ ಕೂಲಿ ಬೇರೆ.

ಸ್ಟೆಪ್ನಿಯನ್ನು ಬೇಕಂತಲೇ ಹಿಂದಿನ ಬಲಕ್ಕೆ ಹಾಕಿ ಒಂದು 40 ಕಿ.ಮೀ. ಓಡಿಸಿದೆ, 80 ದಾಟದೆ. ಡಿಫರೆನ್ಷಿಯಲ್ ಎಂದಿನಷ್ಟೇ ಬಿಸಿ. ಎದುರಿಗೆ ಹಾಕಿದಾಗ ಜೋರಾಗಿ ಬ್ರೇಕ್ ಒತ್ತಿದರೆ ಒಂದು ಕಡೆ ಎಳೆಯುತ್ತದೆ, ಅಷ್ಟೆ. ಗಾಳಿ 34ರ ಸುಮಾರಿಗೆ ಇಡುತ್ತೇನೆ. ಪಂಕ್ಚರ್ ಆದ ಚಕ್ರ ಮಾತ್ರ ಡಿಕ್ಕಿಗೆ ಹೋಗಲ್ಲ. ಅದಕ್ಕೆ ಪಕ್ಕದ ಸೀಟು, ಬೆಲ್ಟು. ಅಲ್ಲಿ ಯಾರಾದರೂ ಕೂತಿದ್ದರೆ ಅವರ ತೊಡೆ ಮೇಲೆ, ಹಾಸಲು ಒಂದು ಹಳೆ ಚಾದರವನ್ನೂ ಇಟ್ಟಿದ್ದೇನೆ.