ಸಾಕ್ಷಿ ಬಂದು ವಾಪಸ್ ಹೋದ ದಿನ

ಕೊಡಗಿನ ಕುಟ್ಟದ ಕಡೆಯ ಒಂದು ಕಾಫಿ ತೋಟದಲ್ಲಿ ಕೂಲಿಯವರು ಇರುವ ಲೈನ್ ಮನೆಯಿಂದ ಆ ಹೆಂಗಸು ಬೆಳಿಗ್ಗೆ ಕತ್ತಲಿರುವಾಗಲೇ ಹೊರಟಿದ್ದಳು. ಗೋಣಿಕೊಪ್ಪದಲ್ಲಿ ಬಸ್ ಬದಲಿಸಿ ಹತ್ತೂವರೆಗೆ ಕೋರ್ಟ್ ವರಾಂಡದಲ್ಲಿ ಕೂತಳು. ಮಧ್ಯಾಹ್ನ ಮೂರಕ್ಕೆ ಯಾರೋ ಬಂದು, "ವಾಯಿದೆ ಆಯ್ತಮ್ಮ, ಮುಂದಿನ ತಿಂಗಳು ಬನ್ನಿ" ಎಂದರು. ಮುಂದಿನ ತಿಂಗಳೂ ಬಂದಳು, ಆವತ್ತೂ ಅದೇ ಆಯಿತು. ಮೂರನೇ ಸಲ ಬರಲಿಲ್ಲ. ಕೋರ್ಟಿನಿಂದ ವಾರಂಟ್ ಹೋಯಿತು. ಲೈನ್ ಮನೆ ಮುಂದೆ ಪೊಲೀಸ್ ಜೀಪ್ ನಿಂತಾಗ ಅಕ್ಕಪಕ್ಕದವರು ಇವಳೇ ಏನೋ ತಪ್ಪು ಮಾಡಿದ್ದಾಳೆ ಅಂದುಕೊಂಡರು. ಕೊನೆಗೆ ಕಟಕಟೆ ಹತ್ತಿ, "ನಂಗೆ ಏನೂ ಗೊತ್ತಿಲ್ಲ" ಅಂದುಬಿಟ್ಟಳು.

ಸಾಕ್ಷಿ ತಿರುಗಿಬಿದ್ದರೆ ಯಾರೋ ಬೆದರಿಸಿರಬೇಕು, ಇಲ್ಲವೇ ದುಡ್ಡು ಕೊಟ್ಟಿರಬೇಕು ಎಂದು ನಾವೆಲ್ಲ ಮೊದಲು ಯೋಚಿಸುತ್ತೇವೆ. ನಾನೂ ಹಾಗೇ ಯೋಚಿಸಿ ಅವಳ ಮನೆಗೆ ಹೋದೆ. ಯಾರೂ ಬೆದರಿಸಿರಲಿಲ್ಲ. ಮೂರು ದಿನದ ಕೂಲಿ ಹೋಗಿತ್ತು, ಮೇಸ್ತ್ರಿ ಬೈದಿದ್ದ, ಕಾದು ಕೂತ ಎರಡೂ ದಿನ ಅವಳು ಊಟ ಮಾಡಿರಲಿಲ್ಲ. "ಎಲ್ಲಿ ಕರೀತಾರೋ ಅಂತ ಎದ್ದು ಹೋಗಕ್ಕೆ ಭಯ ಆಯ್ತಕ್ಕ" ಅಂದಳು. ಸಂತ್ರಸ್ತರಿಗೆ, ಸಾಕ್ಷಿಗಳಿಗೆ ಬೆಂಬಲ ಕೊಡುವ ನಮ್ಮ ಸಣ್ಣ ತಂಡಕ್ಕೆ ಮೇಲ್ವಿಚಾರಕಿಯಾಗಿ ನಾನು ಸೇರಿದ ಹೊಸತು. ನಮ್ಮ ಕಾರ್ಯಕರ್ತೆ ಅವಳ ಜೊತೆ ಒಂದೇ ದಿನ ಹೋಗಿದ್ದಳು. ಉಳಿದ ದಿನ ಬೇರೆ ಕೇಸಿಗೆ ಹೋಗು ಎಂದು ಕಳಿಸಿದವಳು ನಾನೇ. ಹೇಳಿಕೆ ಆಗದ ದಿನ ನಮ್ಮ ಅಗತ್ಯವಿಲ್ಲ ಅಂದುಕೊಂಡಿದ್ದೆ. ಅದು ನನ್ನ ತಪ್ಪು ಲೆಕ್ಕ.

ಆಮೇಲೆ ನಾನು ಇಡೀ ಕೆಲಸವನ್ನು ಈ ಬರಿಗೈಲಿ ವಾಪಸ್ ಹೋಗುವ ದಿನದ ಸುತ್ತ ಕಟ್ಟಿದೆ. ಶನಿವಾರದ ಸಭೆಯಲ್ಲಿ ಎಷ್ಟು ಕೇಸು ನೋಡಿದಿರಿ ಎಂದು ಕೇಳುವುದನ್ನು ಬಿಟ್ಟೆ. "ಈ ವಾರ ಯಾರು ಹೇಳಿಕೆ ಕೊಡದೆ ವಾಪಸ್ ಹೋದರು? ಅವರು ಊಟ ಮಾಡಿದ್ದರಾ? ಮನೆ ಮುಟ್ಟಿದ್ದು ಎಷ್ಟು ಗಂಟೆಗೆ?" ಇವೇ ನನ್ನ ಮೊದಲ ಪ್ರಶ್ನೆಗಳು. ಶುರುವಿನಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ವಿಚಾರಣೆಯ ಹಿಂದಿನ ಸಂಜೆಯೇ ಸರ್ಕಾರಿ ಅಭಿಯೋಜಕರ ಕಚೇರಿಗೆ ಫೋನ್ ಮಾಡುತ್ತೇವೆ. ನ್ಯಾಯಾಧೀಶರು ರಜೆಯೇ, ಆರೋಪಿ ಪರ ವಕೀಲರು ಸಮಯ ಕೇಳುವ ಸೂಚನೆ ಇದೆಯೇ, ಪಟ್ಟಿಯಲ್ಲಿ ನಮ್ಮ ಕೇಸು ಎಷ್ಟನೆಯದು ಎಂದು ಕೇಳುತ್ತೇವೆ. ಇ-ಕೋರ್ಟ್ಸ್ ಆಪ್‌ನಲ್ಲಿ ದಿನಾಂಕ ಸಿಗುತ್ತದೆ, ಆದರೆ ಈ ವಿವರವೆಲ್ಲ ಸಿಗುವುದಿಲ್ಲ. ಸಾಕ್ಷಿ ಹಾಜರಿದ್ದಾರೆ ಎಂಬುದನ್ನು ಬೆಳಿಗ್ಗೆಯೇ ಅಭಿಯೋಜಕರ ಗಮನಕ್ಕೆ ತಂದು, ಅದು ಕಡತದಲ್ಲಿ ದಾಖಲಾಗುವಂತೆ ನೋಡಿಕೊಳ್ಳುತ್ತೇವೆ. ಇದಕ್ಕೆ ಕಾನೂನಿನ ಬಲ ಇದೆ. ಸಾಕ್ಷಿ ಬಂದು ಕೂತಿರುವಾಗ, ವಿಶೇಷ ಕಾರಣವನ್ನು ಬರೆದಿಡದೆ, ಅವರನ್ನು ವಿಚಾರಿಸದೆ ಕೇಸು ಮುಂದೂಡುವಂತಿಲ್ಲ ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 309ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಕೋರ್ಟಿನಲ್ಲಿ ಮಾತಾಡುವ ಅಧಿಕಾರ ನಮಗಿಲ್ಲ. ಆದರೆ "ಸರ್, ಈ ತಾಯಿಗೆ ಇದು ಮೂರನೇ ಸಲ, ಬಂದಿರುವುದು ಕುಟ್ಟದಿಂದ" ಎಂದು ಅಭಿಯೋಜಕರಿಗೆ ಹೇಳಬಹುದು. ಅವರು ಅದನ್ನು ಎದ್ದು ನಿಂತು ಹೇಳಿದ ಎಷ್ಟೋ ದಿನ ಹೇಳಿಕೆ ಅಂದೇ ಮುಗಿದಿದೆ.

ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸಾದರೆ ಇನ್ನೂ ಗಟ್ಟಿಯಾಗಿ ಕೇಳಬಹುದು. ಯರವ, ಜೇನುಕುರುಬ ಎಂಬ ಬುಡಕಟ್ಟು ಕುಟುಂಬಗಳೊಂದಿಗೆ ಕೆಲಸ ಮಾಡುವ ನಮಗೆ ಈ ಕಾಯ್ದೆಯ 15ಎ ಕಲಂ ಬಾಯಿಪಾಠ. ತಿದ್ದುಪಡಿಯಾಗಿ 2016ರ ಜನವರಿಯಲ್ಲಿ ಜಾರಿಗೆ ಬಂದ ಈ ಕಲಂ ಪ್ರಕಾರ ಸಾಕ್ಷಿಗೆ ಪ್ರಯಾಣ ವೆಚ್ಚ, ನಿರ್ವಹಣಾ ವೆಚ್ಚ ಹಕ್ಕಾಗಿ ಸಿಗಬೇಕು, ಜಾಮೀನು ವಿಚಾರಣೆಯ ದಿನ ಸಂತ್ರಸ್ತರಿಗೆ ಮೊದಲೇ ತಿಳಿಸಬೇಕು. ಕೊಡಿ ಎಂದು ಕಾಗದ ಬರೆಯದಿದ್ದರೆ ಕೊಡುವವರು ಕಡಿಮೆ. ಹಾಗಾಗಿ ಬಸ್ ಟಿಕೆಟ್ ಎತ್ತಿಡುವುದನ್ನು ಎಲ್ಲರಿಗೂ ಕಲಿಸಿದ್ದೇವೆ.

ಕೂಲಿಯ ವಿಷಯಕ್ಕೆ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಮಾತಾಡಲೇಬೇಕಾಗುತ್ತದೆ. ಇಲ್ಲಿ ನಮ್ಮ ತಂಡ ಒಮ್ಮೆ ಎಡವಿತು. ರಜೆ ಸಿಗಲಿ ಎಂಬ ಒಳ್ಳೆ ಮನಸ್ಸಿನಿಂದಲೇ ಕಾರ್ಯಕರ್ತೆಯೊಬ್ಬಳು ಕೇಸು ಯಾವುದೆಂದು ಹೇಳಿಬಿಟ್ಟಳು. ಸಂಜೆಯೊಳಗೆ ಇಡೀ ತೋಟಕ್ಕೆ ಗೊತ್ತಾಯಿತು. ಕೊಡಗು ಸಣ್ಣದು. ಇಲ್ಲಿ ಮನೆ ಹೆಸರು ಹೇಳಿದರೆ ಸಾಕು, ಯಾವ ಊರು, ಯಾರ ಮಗಳು ಎಂದು ಎದುರಿಗಿದ್ದವರು ಲೆಕ್ಕ ಹಾಕುತ್ತಾರೆ. ಈಗ ನಮ್ಮ ರಿಜಿಸ್ಟರಿನಲ್ಲಿ ಹೆಸರಿಲ್ಲ, ಮನೆ ಹೆಸರಿಲ್ಲ, ಬರೀ ಸಂಖ್ಯೆ. ಹೆಸರಿರುವ ಪುಸ್ತಕ ಬೀರುವಿನಲ್ಲಿ, ಅದರ ಬೀಗದಕೈ ನನ್ನ ಹತ್ತಿರ. ರೈಟರ್ ಹತ್ತಿರ "ಕೋರ್ಟಿಗೆ ಹೋಗಬೇಕಿದೆ" ಎನ್ನುವುದಕ್ಕಿಂತ ಹೆಚ್ಚು ಒಂದು ಮಾತೂ ಇಲ್ಲ.

ಬೆದರಿಕೆ ನಿಜವಾಗಿ ಇರುವ ಕೇಸುಗಳೂ ಇವೆ. ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 5ರಂದು ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯ ಪ್ರಕಾರ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬೇಕು. ಪೊಲೀಸ್ ಉಪವಿಭಾಗದ ಅಧಿಕಾರಿ ಐದು ಕೆಲಸದ ದಿನಗಳಲ್ಲಿ ಬೆದರಿಕೆಯ ವರದಿ ಕೊಡಬೇಕು. ಅಷ್ಟರೊಳಗೆ ಭಯವಿದ್ದರೆ ಮಧ್ಯಂತರ ರಕ್ಷಣೆ ಕೇಳಬಹುದು. ಅರ್ಜಿಯಲ್ಲಿ "ಭಯವಾಗುತ್ತಿದೆ" ಎಂದು ಬರೆದರೆ ಏನೂ ಆಗುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಯಾವ ಮಾತು, ಕೇಳಿಸಿಕೊಂಡವರು ಯಾರು ಎಂದು ಬರೆಯಬೇಕು. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಲ್ಲಿ ಕೋವಿ ಮನೆಯ ಗೌರವದ ವಸ್ತು, ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೋದ್‌ಗೆ ಹೂವಿಟ್ಟು ಪೂಜಿಸುವಂಥದ್ದು. ಎದುರಾಳಿಯ ಮನೆಯಲ್ಲಿ ಕೋವಿ ಇದೆ ಎಂಬುದೇ ಬೆದರಿಕೆಯಲ್ಲ. ಹಾಗಾಗಿ "ಆಯುಧ ಇದೆಯಾ" ಎಂದು ಕೇಳುವುದರಿಂದ ಪ್ರಯೋಜನವಿಲ್ಲ. "ಕೋವಿ ಹಿಡಿದು ನಿಮ್ಮ ದಾರಿಯಲ್ಲಿ ನಿಂತಿದ್ದರಾ, ಅದರ ಮಾತೆತ್ತಿದರಾ" ಎಂದು ಕೇಳಬೇಕು.

ಕಾರ್ಯಕರ್ತೆಯರನ್ನು ನಾನು ತುಂಬಾ ಬಿಗಿಯಾಗಿ ಹಿಡಿಯುವುದು ಒಂದೇ ವಿಷಯದಲ್ಲಿ: ಸಾಕ್ಷಿಗೆ ಏನು ಹೇಳಬೇಕೆಂದು ಹೇಳಿಕೊಡಬಾರದು. ಘಟನೆಯ ಬಗ್ಗೆ ನಾವು ಮಾತೇ ಆಡುವುದಿಲ್ಲ. "ಇದನ್ನು ನಿನಗೆ ಯಾರು ಹೇಳಿಕೊಟ್ಟರು?" ಎಂದು ಪಾಟೀ ಸವಾಲಿನಲ್ಲಿ ಕೇಳಿಯೇ ಕೇಳುತ್ತಾರೆ. ಆಗ ಸಾಕ್ಷಿ ಹೇಳುತ್ತಿರುವ ಮಗು ನಮ್ಮ ಕಡೆ ತಿರುಗಿ ನೋಡಿದರೂ ಸಾಕು, ಕೇಸು ಹೋಯಿತು. ನಾವು ತೋರಿಸುವುದು ಜಾಗವನ್ನು. ಕಲಾಪ ಶುರುವಾಗುವ ಮೊದಲು ಅನುಮತಿ ಪಡೆದು ಒಳಗೆ ಕರೆದೊಯ್ದು, ಯಾರು ಎಲ್ಲಿ ಕೂರುತ್ತಾರೆ, ನೀರು ಎಲ್ಲಿದೆ ಎಂದು ತೋರಿಸುತ್ತೇವೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ ಕೇಸಾದರೆ ಆರೋಪಿ ಕಣ್ಣಿಗೆ ಬೀಳದಂತೆ ವ್ಯವಸ್ಥೆ ಇರಬೇಕು, ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಬರಬೇಕು. ಇದನ್ನು ಮಗುವಿಗೂ ತಾಯಿಗೂ ಅವರ ಮಾತಿನಲ್ಲೇ ಹೇಳುತ್ತೇವೆ. ಒಳ್ಳೆಯ ತೀರ್ಪು ಬರುತ್ತದೆ ಎಂದು ಮಾತ್ರ ಯಾರಿಗೂ ಮಾತು ಕೊಡುವುದಿಲ್ಲ.

ಇನ್ನೊಂದು ಸಂಗತಿ ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಅದು "ಹೂಂ". ಲೈನ್ ಮನೆಗಳಲ್ಲಿ ಬೆಳೆದವರು ಸಾಹುಕಾರರು ಏನೇ ಹೇಳಿದರೂ "ಹೂಂ" ಅನ್ನುತ್ತಾರೆ. ಕೇಳಿಸಿತು ಎಂದಷ್ಟೇ ಅದರ ಅರ್ಥ. ಕರಿ ಕೋಟಿನ ವಕೀಲರು "ನೀವು ಸುಳ್ಳು ಹೇಳ್ತಿದ್ದೀರಿ ಅಂದ್ರೆ ಸರಿ ತಾನೆ?" ಅಂದಾಗಲೂ ಅದೇ "ಹೂಂ" ಬರುತ್ತದೆ, ಸರಿ ಎಂದು ದಾಖಲಾಗುತ್ತದೆ. ಈಗ ಎಲ್ಲರಿಗೂ ಹೇಳುತ್ತೇವೆ: ಹೌದಾದರೆ ಹೌದು, ಅಲ್ಲವಾದರೆ ಅಲ್ಲ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ಅರ್ಥವಾಗದಿದ್ದರೆ ಇನ್ನೊಂದ್ಸಲ ಕೇಳಿ ಅನ್ನಿ. ಯರವ ಭಾಷೆಯಲ್ಲೇ ಮನಸ್ಸು ಬಿಚ್ಚುವವರಿಗೆ ದುಭಾಷಿ ಬೇಕೆಂದು ಮೊದಲೇ ಕೇಳುತ್ತೇವೆ. ಆ ದುಭಾಷಿ ಅದೇ ಲೈನಿನ ನೆಂಟರಾಗಿರಬಾರದು.

ಕಕ್ಕಡ ಎಂಬ ಕೊಡವ ತಿಂಗಳ ಜೋರು ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚುತ್ತದೆ, ಕರೆಂಟ್ ಹೋಗುತ್ತದೆ, ಫೋನ್ ಸಿಗುವುದಿಲ್ಲ. ಆ ತಿಂಗಳ ಸಾಕ್ಷಿಗಳನ್ನು ಹಿಂದಿನ ದಿನವೇ ಕರೆತಂದು ಉಳಿಸಿಕೊಳ್ಳುತ್ತೇವೆ. ಕಾರ್ಯಕರ್ತೆಯರಿಗೂ ಸುಸ್ತಾಗುತ್ತದೆ. ಒಬ್ಬಳು ತನ್ನ ಮಗಳ ವಯಸ್ಸಿನ ಮಗುವಿನ ಕೇಸು ಮಾಡಿ ನಿದ್ದೆ ಕಳೆದುಕೊಂಡಿದ್ದಳು. ನಾನೇ ಕೇಳುವವರೆಗೆ ಬಾಯಿಬಿಟ್ಟಿರಲಿಲ್ಲ. ಅಂದಿನಿಂದ ಸಭೆ ಮುಗಿದ ಮೇಲೆ ಒಬ್ಬೊಬ್ಬರ ಜೊತೆ ಹತ್ತು ನಿಮಿಷ ಬೇರೆಯಾಗಿ ಕೂರುತ್ತೇನೆ.

ತೀರ್ಪು ಬಂದ ದಿನ ಫೋನಿನಲ್ಲಿ ಹೇಳುವುದಿಲ್ಲ, ಮನೆಗೇ ಹೋಗುತ್ತೇವೆ. ಆರೋಪಿ ಬಿಡುಗಡೆಯಾದ ಕೇಸಾದರೆ ನಾನೇ ಹೋಗುತ್ತೇನೆ. ಕಳೆದ ಬಾರಿ ಹೀಗೆ ಹೋದಾಗ ಆ ತಾಯಿ ಎಲ್ಲ ಕೇಳಿಸಿಕೊಂಡು ತುಂಬಾ ಹೊತ್ತು ಸುಮ್ಮನಿದ್ದರು. ಮೇಲ್ಮನವಿಯ ಬಗ್ಗೆ ಹೇಳಿದೆ, ತಲೆಯಾಡಿಸಿದರು. ಆಮೇಲೆ, "ನಾನು ಹೇಳಿದ್ದು ಬರ್ಕೊಂಡಿದ್ದಾರಲ್ವ?" ಎಂದು ಕೇಳಿದರು. ಹೇಳಿಕೆಯ ದೃಢೀಕೃತ ಪ್ರತಿ ನನ್ನ ಚೀಲದಲ್ಲಿತ್ತು. ತೆಗೆದು ಪೂರ್ತಿ ಓದಿದೆ. ಒಂದು ಕಡೆ ನಿಲ್ಲಿಸಿ, ಆ ಸಾಲನ್ನು ಮತ್ತೆ ಓದಿಸಿಕೊಂಡರು. ಆಮೇಲೆ ಕಾಗದ ಮಡಚಿ, ರೇಷನ್ ಕಾರ್ಡ್ ಇಟ್ಟ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿ, ಕಾಫಿ ಕಾಯಿಸಲು ಎದ್ದರು.