ಎಸ್‌ಎನ್‌ಸಿಯು ಬಾಗಿಲ ಹೊರಗೆ ಕುಳಿತವರ ಜೊತೆ ಕೂರುವುದು ಹೇಗೆ

ನಿಮ್ಮ ಮಗು ಒಮ್ಮೆ ಎಸ್‌ಎನ್‌ಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ ಇದ್ದು ಮನೆಗೆ ಬಂದಿದ್ದರೆ, ಇಂದು ಅಂಥದೇ ಬಾಗಿಲ ಹೊರಗೆ ಕುಳಿತಿರುವ ತಂದೆತಾಯಿಗೆ ನಿಮ್ಮಿಂದ ಬಹಳ ಉಪಕಾರವಾಗಬಲ್ಲದು. ಖಂಡಿತ ಹೋಗಿ. ಆದರೆ ನಿಮ್ಮ ಮಗು ಉಳಿದ ಕಥೆಯನ್ನು ಹೋದ ತಕ್ಷಣ ಹೇಳಬೇಡಿ. ಈ ಕೆಲಸಕ್ಕೆ ಬರುವ ತಾಯಂದಿರಿಗೆಲ್ಲ ನಾನು ಮೊದಲು ಹೇಳುವ ಮಾತು ಇದೇ.

ನಾನು ಕೊಪ್ಪಳ ಜಿಲ್ಲೆಯವಳು. ನನ್ನ ಮಗಳು 31ನೇ ವಾರಕ್ಕೆ ಹುಟ್ಟಿದಳು, ತೂಕ 1,350 ಗ್ರಾಂ. ಈಗ ಎರಡನೇ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳು ಒಳಗಿದ್ದಾಗ ನೋಡಲು ಬಂದವರೆಲ್ಲ ಧೈರ್ಯ ಹೇಳಿ ಹೋದರು. ಕುಷ್ಟಗಿ ಕಡೆಯ ಒಬ್ಬ ಹೆಂಗಸು ಮಾತ್ರ ಪಕ್ಕದಲ್ಲಿ ಕುಳಿತು, ‘ಊಟ ಆಯಿತೇ ತಂಗಿ? ಹಾಲು ಹಿಂಡಿದೆಯಾ?’ ಎಂದು ಕೇಳಿದರು. ಅವರ ಮಗು ಆಗಿನ್ನೂ ಒಳಗೇ ಇತ್ತು. ನಾನು ಈಗ ಮಾಡುತ್ತಿರುವುದೆಲ್ಲ ಆ ಎರಡು ಪ್ರಶ್ನೆಗಳಿಂದ ಬೆಳೆದದ್ದು.

ಕಥೆ ಏಕೆ ಬೇಡವೆಂದರೆ, ಒಳಗಿರುವ ಮಗುವಿಗೂ ನಿಮ್ಮ ಮಗುವಿಗೂ ಹೋಲಿಕೆ ಇಲ್ಲ. ಅದು 900 ಗ್ರಾಂ ಇರಬಹುದು, ಅದಕ್ಕೆ ರಕ್ತದಲ್ಲಿ ಸೋಂಕು ಸೇರಿರಬಹುದು, ಹುಟ್ಟಿದಾಗ ಅದು ಅಳದೇ ಇದ್ದಿರಬಹುದು. ‘ನನ್ನ ಮಗಳೂ ಹೀಗೇ ಇದ್ದಳು, ನೋಡಿ ಈಗ ಹೇಗೆ ಓಡಾಡುತ್ತಾಳೆ’ ಎಂದರೆ ಅದು ಆ ತಾಯಿಗೆ ನೀವು ಕೊಟ್ಟ ಭಾಷೆಯಾಗುತ್ತದೆ. ಅಂಥ ಭಾಷೆ ಕೊಡಲು ವೈದ್ಯರಿಗೇ ಆಗುವುದಿಲ್ಲ. ಅವರಾಗಿ ಕೇಳಿದಾಗ ಹೇಳಿ. ಕೇಳಿಯೇ ಕೇಳುತ್ತಾರೆ. ಆಗಲೂ ಚಿಕ್ಕದಾಗಿ, ನಡುನಡುವೆ ಬಂದ ಕಷ್ಟಗಳನ್ನು ಬಿಡದೆ ಹೇಳಿ.

ಮೊದಲು ಅನುಮತಿ. ಮಕ್ಕಳ ತಜ್ಞರನ್ನೂ ಘಟಕದ ಹಿರಿಯ ಸಿಸ್ಟರ್ ಅವರನ್ನೂ ಕಂಡು, ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ಕೊಡಿ. ತಂದೆತಾಯಿಯನ್ನು ಒಳಗೆ ಕರೆದು, ಕೈ ತೊಳೆಯುವುದರಿಂದ ಹಿಡಿದು ಮಗುವಿನ ಆರೈಕೆಯವರೆಗೆ ಕಲಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದನ್ನು ನೆನಪಿಸಿ, ‘ಈ ಕೆಲಸದಲ್ಲಿ ನಿಮ್ಮ ಕೈ ಹಗುರ ಮಾಡುತ್ತೇವೆ’ ಎಂದು ಕೇಳಿ. ಏನು ಮಾಡುವುದಿಲ್ಲ ಎಂಬುದನ್ನೂ ಬರೆದುಕೊಡಿ: ಕರೆಯದೆ ಒಳಗೆ ಹೋಗುವುದಿಲ್ಲ, ಮಗುವನ್ನು ಮುಟ್ಟುವುದಿಲ್ಲ, ಫೋಟೋ ತೆಗೆಯುವುದಿಲ್ಲ, ಹಣ ಮುಟ್ಟುವುದಿಲ್ಲ. ಯಾರಾದರೂ ದಾನಿಗಳು ಹಾಲಿನ ಪುಡಿಯ ಡಬ್ಬಿಯನ್ನೋ ಬಾಟಲಿಯನ್ನೋ ಹಂಚಲು ಕೊಟ್ಟರೆ ಕೈಮುಗಿದು ಬೇಡವೆನ್ನಿ. ಅಂಥ ಉಚಿತ ಹಂಚಿಕೆಗೆ ತಡೆ ಹಾಕಲೆಂದೇ 1992ರಿಂದ ಕಾನೂನಿದೆ. ನೆಗಡಿ, ಕೆಮ್ಮು ಇದ್ದ ದಿನ ಆಸ್ಪತ್ರೆಯ ಕಡೆಗೇ ಹೋಗಬೇಡಿ. ನಿಮ್ಮ ಮಗುವಿಗೆ ಕನಿಷ್ಠ ಒಂದು ವರ್ಷ ತುಂಬುವವರೆಗೂ ಕಾಯುವುದು ಒಳ್ಳೆಯದು. ಯಂತ್ರದ ಗಂಟೆಯ ಸದ್ದಿಗೆ ಎದೆ ಇನ್ನೂ ನಡುಗುತ್ತಿದ್ದರೆ ಮತ್ತಷ್ಟು ಕಾಯಿರಿ.

ಮೊದಲ ದಿನ ನಿಮಗೆ ಸಿಗುವುದು ಹೆಚ್ಚಾಗಿ ತಾಯಿಯಲ್ಲ. ಮಗುವನ್ನು 108 ಆಂಬುಲೆನ್ಸ್‌ನಲ್ಲಿ ಇಲ್ಲಿಗೆ ತಂದಿರುತ್ತಾರೆ, ಸಿಸೇರಿಯನ್ ಆದ ತಾಯಿ ಗಂಗಾವತಿಯಲ್ಲೋ ಯಲಬುರ್ಗಾದಲ್ಲೋ ಮಲಗಿರುತ್ತಾಳೆ. ಬಾಗಿಲ ಹೊರಗೆ ನಿಂತಿರುವವರು ಒಬ್ಬ ತಂದೆ, ಜೊತೆಗೆ ಒಬ್ಬ ಅಜ್ಜಿ. ‘ಇಂಥವರ ಕಡೆಯವರು ಯಾರು?’ ಎಂದು ಒಳಗಿನಿಂದ ಕೂಗಿದಾಗಲೆಲ್ಲ ಆ ತಂದೆಯ ಮುಖ ಬಿಳಿಚಿಕೊಳ್ಳುತ್ತದೆ. ಆ ಕೂಗು ಬಹುಪಾಲು ಹಾಲಿಗೋ ಬಟ್ಟೆಗೋ ಸಹಿಗೋ ಇರುತ್ತದೆ ಎಂದು ಅವನಿಗೆ ಹೇಳಿ. ಯಾರೂ ಹೇಳಿರುವುದಿಲ್ಲ. ‘ಅಣ್ಣಾ, ಅಕ್ಕನಿಗೆ ಫೋನ್ ಮಾಡಿದಿರಾ?’ ಎಂದು ಕೇಳಿ. ಮಗುವನ್ನು ನೋಡದ ತಾಯಿ ಅಲ್ಲಿ ಕೆಟ್ಟದ್ದನ್ನೇ ಊಹಿಸಿಕೊಂಡು ಮಲಗಿರುತ್ತಾಳೆ.

ಅಜ್ಜಿಯನ್ನು ಎಂದೂ ಬದಿಗೆ ಸರಿಸಬೇಡಿ. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತನ್ನು ಅವರು ನಂಬಿರಬಹುದು. ಸೊಸೆ ಗ್ರಹಣದ ದಿನ ಹೊರಗೆ ಹೋಗಿದ್ದಳು, ಪಪ್ಪಾಯಿ ತಿಂದಿದ್ದಳು ಎಂದೂ ಹೇಳಬಹುದು. ವಾದಕ್ಕೆ ಇಳಿಯಬೇಡಿ. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚು ಇದ್ದಷ್ಟೂ ಮಗುವಿಗೆ ಬಲ ಹೆಚ್ಚು ಎಂಬುದನ್ನು ಡಾಕ್ಟರ ಬಾಯಿಂದಲೇ ಅವರಿಗೆ ಕೇಳಿಸಿ. ಆಮೇಲೆ ಅವರಿಗೊಂದು ಕೆಲಸ ಕೊಡಿ. ‘ಅಮ್ಮಾ, ಕಾಂಗರೂ ಆರೈಕೆಯಲ್ಲಿ ಅಜ್ಜಿಯೂ ಮಗುವನ್ನು ಚರ್ಮಕ್ಕೆ ಚರ್ಮ ತಾಗುವಂತೆ ಬರಿ ಎದೆಗೆ ಹಾಕಿಕೊಳ್ಳಬಹುದು, ಕಲಿಯುತ್ತೀರಾ?’ ಎಂದು ಕೇಳಿದರೆ ಮುಂದೆ ನಿಮಗೆ ಅವರೇ ದೊಡ್ಡ ಆಸರೆಯಾಗುತ್ತಾರೆ.

ಹಾಲಿನ ವಿಷಯದಲ್ಲಿ ಮಾತ್ರ ನಾನು ಹಿಂದೆ ಸರಿಯುವುದಿಲ್ಲ. ಮಗು ಬಾಯಿಂದ ಕುಡಿಯಲಾರದೆ ಮೂಗಿನ ನಳಿಕೆಯಲ್ಲಿ ಹಾಲು ಪಡೆಯುತ್ತಿದ್ದರೂ ಅದಕ್ಕೆ ಬೇಕಾದದ್ದು ತಾಯಿಯ ಹಾಲೇ, ಅದರಲ್ಲೂ ಮೊದಲ ದಿನಗಳ ಗಿಣ್ಣು ಹಾಲು. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಿಂಡಲು ಆರಂಭಿಸಿ, ಹಗಲು ರಾತ್ರಿ ಸೇರಿ ದಿನಕ್ಕೆ ಎಂಟು ಬಾರಿಯಾದರೂ ಹಿಂಡಬೇಕು. ರಾತ್ರಿಯದನ್ನು ಬಿಟ್ಟರೆ ಹಾಲು ಇಳಿಮುಖವಾಗುತ್ತದೆ. ಮೊದಲ ಎರಡು ದಿನ ಬರುವುದು ಚಮಚದ ತಳ ಮುಚ್ಚುವಷ್ಟೇ. ಅದನ್ನು ನೋಡಿ ‘ನನಗೆ ಹಾಲೇ ಇಲ್ಲ’ ಎಂದು ತಾಯಿ ಅಳುತ್ತಾಳೆ. ಆ ಹೊತ್ತಿಗೆ ನೀವು ಅಲ್ಲಿರಬೇಕು. ಮಗುವಿನ ಹೊಟ್ಟೆಗೆ ಆಗ ಬೇಕಾಗುವುದೂ ಕೆಲವು ಹನಿಗಳೇ ಎಂದು ತಿಳಿಸಿ. ಕುದಿಸಿದ ಸ್ಟೀಲ್ ಬಟ್ಟಲು ಮತ್ತು ಮುಚ್ಚಳ ಸಾಕು, ಪಂಪ್ ಬೇಕೆಂದೇನಿಲ್ಲ. ಬೆರಳುಗಳನ್ನು ತೊಟ್ಟಿನ ಮೇಲಲ್ಲದೆ ಅದರ ಸುತ್ತಲಿನ ಕಪ್ಪು ಭಾಗದ ಅಂಚಿಗೆ ಇಟ್ಟು, ಎದೆಯ ಕಡೆಗೆ ಒತ್ತಿ ಹಿಂಡುವುದನ್ನು ಸಿಸ್ಟರ್ ತೋರಿಸಿಕೊಡುತ್ತಾರೆ. ನೀವು ಪಕ್ಕದಲ್ಲಿ ಕುಳಿತು ಸೆರಗು ಅಡ್ಡ ಹಿಡಿಯಿರಿ. ಬಟ್ಟಲಿನ ಮೇಲೆ ಹೆಸರು, ಹೊತ್ತು ಬರೆಯಿಸಿ. ಎಷ್ಟು ಹೊತ್ತು ಹೊರಗೆ ಇಡಬಹುದು ಎಂಬುದಕ್ಕೆ ಆ ಘಟಕದ ನಿಯಮವನ್ನೇ ಪಾಲಿಸಿ. ನಮ್ಮ ಬೇಸಿಗೆ ಬೇರೆ ಊರಿನಂತಲ್ಲ.

ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆರಂಭವಾಯಿತು. ಅದನ್ನು ಇಡೀ ಜಿಲ್ಲೆಗೆ ಹಬ್ಬಿಸುವುದು ಹೇಗೆ ಎಂಬ ಅಧ್ಯಯನವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ನಡೆಸಿದ್ದು ನಮ್ಮ ಕೊಪ್ಪಳದಲ್ಲಿ. ಇದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆಯಾಗುತ್ತದೆ. ದಿನಕ್ಕೆ 8ರಿಂದ 24 ಗಂಟೆ, ಸಾಧ್ಯವಾದಷ್ಟು ಹೆಚ್ಚು ಹೊತ್ತು ಮಗು ಎದೆಯ ಮೇಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅಷ್ಟು ಹೊತ್ತು ಒಬ್ಬಳಿಂದ ಆಗುವುದಿಲ್ಲ. ತಂದೆಯನ್ನು ಒಪ್ಪಿಸುವುದು ಇಲ್ಲಿ ನಿಮ್ಮ ಕೆಲಸ. ಅಂಗಿ ಬಿಚ್ಚಿ ಕೂರಲು ನಾಚುವ ಗಂಡಸಿಗೆ ಇನ್ನೊಬ್ಬ ಗಂಡಸು ಹೇಳಿದರೇ ಸರಿ, ಆದ್ದರಿಂದ ನಿಮ್ಮ ತಂಡದಲ್ಲಿ ಒಬ್ಬ ತಂದೆಯಾದರೂ ಇರಲಿ. ಮುಂದೆ ತೆರೆಯುವ ನೈಟಿ, ಮೆತ್ತನೆಯ ಹಳೆಯ ಹತ್ತಿ ಸೀರೆ, ಕುಲಾವಿ, ಕಾಲುಚೀಲ ತರಲು ಮನೆಯವರಿಗೆ ಹಿಂದಿನ ದಿನವೇ ಹೇಳಿ.

ಯಂತ್ರದ ಮೇಲಿನ ಅಂಕಿಗಳನ್ನು ನೀವು ಅರ್ಥೈಸಬೇಡಿ. ‘ತೂಕ ಇಳಿದಿದೆಯಂತೆ’ ಎಂದು ಗಾಬರಿಯಾಗಿ ಬಂದರೆ, ಮೊದಲ ವಾರದಲ್ಲಿ ಇಂಥ ಮಕ್ಕಳ ತೂಕ ಸ್ವಲ್ಪ ಇಳಿಯುವುದು ಸಾಮಾನ್ಯ ಎಂದಷ್ಟೇ ಹೇಳಬಹುದು. ಉಳಿದದ್ದು ಡಾಕ್ಟರಿಗೆ ಬಿಟ್ಟದ್ದು. ಒಂದು ಚಿಕ್ಕ ನೋಟುಪುಸ್ತಕ ಕೊಟ್ಟು, ‘ಏನು ಕೇಳಬೇಕೋ ಇದರಲ್ಲಿ ಬರೆದುಕೊಳ್ಳಿ, ರೌಂಡ್ಸ್ ಮುಗಿದ ಮೇಲೆ ಕೇಳೋಣ’ ಎನ್ನಿ. ಬರೆಯಲು ಬಾರದಿದ್ದರೆ ನೀವು ಬರೆಯಿರಿ, ಪ್ರಶ್ನೆಯನ್ನು ಮಾತ್ರ ಅವರೇ ಕೇಳಲಿ. ಮುಂದೆ ಮಗುವನ್ನು ಸಾಕುವವರು ಅವರು.

ಕಾಗದಪತ್ರಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಕೂಸಿಗೆ ಒಂದು ವರ್ಷದವರೆಗೆ ಚಿಕಿತ್ಸೆ, ಔಷಧ, ಪರೀಕ್ಷೆ, ಓಡಾಟದ ವಾಹನ ಉಚಿತ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಅದು ಹಕ್ಕು. ತಾಯಿ ಕಾರ್ಡ್ ಕಳೆಯದಂತೆ ನೋಡಿಕೊಳ್ಳಬೇಕು. ಜನನ ನೋಂದಣಿ 21 ದಿನಗಳೊಳಗೆ ಆಗಬೇಕು, ಹೆರಿಗೆ ಎಲ್ಲಿ ಆಯಿತೋ ಅಲ್ಲಿಯೇ.

ಕೆಲವು ಮಕ್ಕಳು ಉಳಿಯುವುದಿಲ್ಲ. ಆ ದಿನ ಹೆದರಿ ದೂರ ನಿಲ್ಲಬೇಡಿ. ‘ದೇವರ ಇಚ್ಛೆ’, ‘ಇನ್ನೊಂದು ಆಗುತ್ತದೆ, ವಯಸ್ಸಿದೆ’ ಎಂಬ ಮಾತುಗಳನ್ನು ಸುತ್ತಲಿನವರು ಹೇಗೂ ಆಡುತ್ತಾರೆ, ನೀವು ಆಡಬೇಡಿ. ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರು ಹಿಡಿದು ಮಾತನಾಡಿ. ತಾಯಿಗೆ ಬೇಕೆನಿಸಿದರೆ ಮಗುವನ್ನು ಎತ್ತಿಕೊಳ್ಳಲು ಬಿಡಿ ಎಂದು ಸಿಸ್ಟರ್ ಬಳಿ ಕೇಳಿ. ಊರಿಗೆ ಹೋಗುವ ವಾಹನದ ಏರ್ಪಾಟು ನೋಡಿ. ಒಂದು ಸಂಗತಿಯನ್ನು ಎಲ್ಲರೂ ಮರೆಯುತ್ತಾರೆ: ಆ ತಾಯಿಯ ಎದೆಯಲ್ಲಿ ಹಾಲು ಬರುವುದು ನಿಲ್ಲುವುದಿಲ್ಲ. ಎದೆ ಗಟ್ಟಿಯಾಗಿ ಜ್ವರ ಬರಬಹುದು. ನೋವು ತಗ್ಗುವಷ್ಟು ಮಾತ್ರ ಹಿಂಡಿ ತಣ್ಣೀರ ಬಟ್ಟೆ ಹಾಕಿಕೊಳ್ಳಲು, ಜ್ವರ ಬಂದರೆ ಆಸ್ಪತ್ರೆಗೆ ಬರಲು ಅವಳ ತಾಯಿಗೋ ಅಕ್ಕನಿಗೋ ಹೇಳಿ ಕಳುಹಿಸಿ. ಅಂದು ಸಂಜೆ ನೀವೂ ತಂಡದ ಇನ್ನೊಬ್ಬರ ಜೊತೆ ಕುಳಿತು ಮಾತನಾಡಿ. ಒಬ್ಬರೇ ಈ ಕೆಲಸ ಮಾಡಲು ಹೊರಡಬಾರದು ಎನ್ನುವುದು ಇದಕ್ಕಾಗಿಯೇ.

ಮನೆಗೆ ಹೋಗುವ ದಿನ ಖುಷಿಗಿಂತ ಭಯವೇ ಹೆಚ್ಚಿರುತ್ತದೆ. ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಪಾದ ತಣ್ಣಗಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಬಾರಿ ಉಸಿರಾಡಿದರೆ, ಪಕ್ಕೆ ಒಳಗೆ ಸೆಳೆದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ತಡಮಾಡದೆ ಕರೆತರಬೇಕು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಸಾಂಬ್ರಾಣಿ ಹೊಗೆ, ಮೂಗಿಗೆ ಎಣ್ಣೆ ಬೇಡ ಎಂಬುದನ್ನು ಅಜ್ಜಿಯ ಎದುರಿಗೇ ಸಿಸ್ಟರ್ ಹೇಳಲಿ.

ಕಣ್ಣಿನ ಪರೀಕ್ಷೆಯ ದಿನಾಂಕವನ್ನು ನೀವೂ ಬರೆದಿಟ್ಟುಕೊಳ್ಳಿ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ 30 ದಿನಗಳೊಳಗೆ ಕಣ್ಣಿನ ಅಕ್ಷಿಪಟಲ, ಅಂದರೆ ಕಣ್ಣೊಳಗಿನ ಹಿಂಬದಿಯ ಪರದೆ, ನೋಡಿಸಲೇಬೇಕು. ತೀರಾ ಚಿಕ್ಕ ಮಗುವಿಗೆ ಇನ್ನೂ ಬೇಗ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೇ ಬರುವಂತಾದದ್ದು ನಮ್ಮ ರಾಜ್ಯದಲ್ಲಿ ಎಷ್ಟೋ ಮಕ್ಕಳ ದೃಷ್ಟಿ ಉಳಿಸಿದೆ. ಆದರೆ ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ, ತೂಕ ಏರುತ್ತಿದೆ, ಕಣ್ಣು ಪಿಳಿಪಿಳಿ ಬಿಡುತ್ತಿದೆ ಎಂದು ಮನೆಯವರು ಈ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಅಕ್ಷಿಪಟಲಕ್ಕೆ ಬರಬಹುದಾದ ದೋಷ ಹೊರಗಿನಿಂದ ನೋಡಿದರೆ ಯಾರಿಗೂ ಕಾಣುವುದಿಲ್ಲ, ತಡವಾದರೆ ದೃಷ್ಟಿ ಮರಳುವುದಿಲ್ಲ. ಆ ದಿನಾಂಕದ ಎರಡು ದಿನ ಮೊದಲು ಫೋನ್ ಮಾಡಿ, ಬಸ್ಸಿಗೆ ಹಣ ಇದೆಯೇ, ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿ. ಊರಿನ ಆಶಾ ಕಾರ್ಯಕರ್ತೆಗೂ ಒಂದು ಮಾತು ತಿಳಿಸಿ. ಪರೀಕ್ಷೆ ಮುಗಿಯಿತೆಂದು ಗೊತ್ತಾದ ಮೇಲೆ ಮುಂದೆ ಕರೆ ಮಾಡುವುದನ್ನು ಆ ಮನೆಯವರಿಗೇ ಬಿಡಿ.