ಲಿಮಿಟ್ ಸ್ವಿಚ್‌ಗೆ ದೀಪ: ಎಲ್ಲಿ ಕಟ್ಟಬೇಕು, ಎಲ್ಲಿ ಕೂಡದು

ಲಿಮಿಟ್ ಸ್ವಿಚ್‌ಗೆ, ಅಂದರೆ ಯಂತ್ರದ ಭಾಗ ಬಂದು ಲಿವರ್ ಒತ್ತುವ ಸ್ವಿಚ್‌ಗೆ, ಒಂದು ಎಲ್‌ಇಡಿ ಸೇರಿಸುವುದು ಸಣ್ಣ ಕೆಲಸ. ಜಾಗ ತಪ್ಪಿದರೆ ಮಾತ್ರ, ಯಾರೂ ಒತ್ತದ ಸ್ವಿಚ್ಚನ್ನು ಪಿಎಲ್‌ಸಿ (ಯಂತ್ರ ನಡೆಸುವ ಕಂಟ್ರೋಲರ್) ‘ಒತ್ತಿದೆ’ ಎಂದು ಓದತೊಡಗುತ್ತದೆ. ಇಲ್ಲಿ ಹೇಳುವುದು 24 ವೋಲ್ಟ್ ಡಿಸಿಯಲ್ಲಿ, ಪ್ಲಸ್ ಸ್ವಿಚ್ ಮೂಲಕ ಹಾದು ಇನ್‌ಪುಟ್‌ಗೆ ಹೋಗುವ ಸಾಮಾನ್ಯ ವೈರಿಂಗ್ ಬಗ್ಗೆ.

ಮೊದಲು ಸಪ್ಲೈ ಆಫ್ ಮಾಡಿ ಬೀಗ ಹಾಕಿ, ಮೀಟರ್ ಹಿಡಿದು ಖಚಿತಪಡಿಸಿಕೊಳ್ಳಿ. ಮುಚ್ಚಳ ತೆಗೆದು ಟರ್ಮಿನಲ್ ನಂಬರ್ ಓದಿ. ಕೊನೆಯ ಅಂಕಿ 1-2 ಇದ್ದರೆ (11-12, 21-22) ಎನ್‌ಸಿ, ಅಂದರೆ ಒತ್ತದಿದ್ದಾಗ ಕೂಡಿಕೊಂಡಿರುವ ಕಾಂಟ್ಯಾಕ್ಟ್. 3-4 ಇದ್ದರೆ (13-14, 23-24) ಎನ್‌ಒ, ಅಂದರೆ ಒತ್ತಿದಾಗ ಮಾತ್ರ ಕೂಡುವುದು. ನಂಬರ್ ಅಳಿಸಿದ್ದರೆ ವೈರ್ ಬಿಚ್ಚಿ, ಲಿವರ್ ಒತ್ತಿ ಬಿಟ್ಟು ಕಂಟಿನ್ಯುಟಿ ನೋಡಿ.

ದೀಪ ಕಟ್ಟಲು ಎರಡು ಜಾಗಗಳಿವೆ. ಒಂದು, ಕಾಂಟ್ಯಾಕ್ಟ್‌ನ ಎರಡೂ ತುದಿಗೆ, ಅಂದರೆ 13 ಮತ್ತು 14ರ ನಡುವೆ. ಬೇರೆ ವೈರ್ ಬೇಡ. ಲಿವರ್ ಬಿಟ್ಟಾಗ ಉರಿಯುತ್ತದೆ, ಒತ್ತಿದಾಗ ಆರುತ್ತದೆ. ಇನ್ನೊಂದು, 14 ಮತ್ತು 0 ವೋಲ್ಟ್ ನಡುವೆ. ಇದಕ್ಕೆ ಸ್ವಿಚ್‌ವರೆಗೆ ಮೂರನೇ ಕೋರ್ (ಕೇಬಲ್‌ನೊಳಗಿನ ವೈರ್) ಎಳೆಯಬೇಕು. ಆದರೆ ಒತ್ತಿದಾಗ ಉರಿಯುತ್ತದೆ, ಸ್ವಿಚ್ಚಿನಿಂದ 24 ವೋಲ್ಟ್ ಹೊರಟಿದೆ ಎಂಬುದೂ ಗೊತ್ತಾಗುತ್ತದೆ. ಪಿಎಲ್‌ಸಿ ಇದ್ದಲ್ಲಿ ಎರಡನೆಯದೇ ಸರಿ.

ಯಾಕೆಂದರೆ ಮೊದಲ ವಿಧಾನದಲ್ಲಿ ದೀಪದ ಕರೆಂಟ್ ಇನ್‌ಪುಟ್ ಮೂಲಕವೇ ಹಾಯುತ್ತದೆ. ಎಲ್‌ಇಡಿಯ ರೆಸಿಸ್ಟರ್ 4.7 ಕಿಲೋಓಮ್, ಇನ್‌ಪುಟ್‌ನ ಒಳಗಿನದು ಸುಮಾರು 3.3 ಕಿಲೋಓಮ್ ಎಂದುಕೊಳ್ಳಿ. ಸ್ವಿಚ್ ಬಿಟ್ಟಿದ್ದಾಗಲೂ 2.75 ಮಿಲಿಆಂಪ್ ಹರಿದು ಇನ್‌ಪುಟ್ ಮೇಲೆ 9 ವೋಲ್ಟ್ ನಿಲ್ಲುತ್ತದೆ. ಪಿಎಲ್‌ಸಿಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61131-2ರ ಟೈಪ್ 1 ಇನ್‌ಪುಟ್‌ಗೆ 5 ವೋಲ್ಟ್ ಒಳಗಿದ್ದರೆ ಆಫ್, 15 ದಾಟಿದರೆ ಆನ್. 9 ಎರಡೂ ಅಲ್ಲ. ಒಂದು ಇನ್‌ಪುಟ್ ಕಾರ್ಡ್‌ನಲ್ಲಿ ಸರಿಯಾಗಿ ನಡೆದದ್ದು ಕಾರ್ಡ್ ಬದಲಿಸಿದ ದಿನ ಕೆಡುವುದು ಹೀಗೆಯೇ. ಇಂಥ ನಾಲ್ಕು ಸ್ವಿಚ್‌ಗಳನ್ನು ಪ್ಯಾರಲಲ್ ಆಗಿ ಒಂದೇ ಇನ್‌ಪುಟ್‌ಗೆ ಕೊಟ್ಟರೆ ಅದು 16 ವೋಲ್ಟ್‌ಗೇರಿ, ಒಂದನ್ನೂ ಒತ್ತದೆ ಆನ್ ಆಗುತ್ತದೆ.

ಹಾಗೆ ಕಟ್ಟಿಯಾಗಿದೆ, ಹೊಸ ಕೋರ್ ಎಳೆಯಲು ದಾರಿಯಿಲ್ಲ ಎಂದಾದರೆ ಇನ್‌ಪುಟ್ ಮತ್ತು 0 ವೋಲ್ಟ್ ನಡುವೆ 1.5 ಕಿಲೋಓಮ್, 1 ವ್ಯಾಟ್ ರೆಸಿಸ್ಟರ್ ಹಾಕಿ. ಒಂದೇ ಸ್ವಿಚ್ ಇರುವಲ್ಲಿ 9 ವೋಲ್ಟ್ 4ಕ್ಕಿಳಿಯುತ್ತದೆ. ಸ್ವಿಚ್ ಒತ್ತಿದಾಗ ಅದರಲ್ಲಿ 16 ಮಿಲಿಆಂಪ್ ಹರಿದು ಬಿಸಿಯಾಗುತ್ತದೆ, ಹಾಗಾಗಿ ಕಾಲು ವ್ಯಾಟಿನದು ನಡೆಯದು.

ಈಗ ಜೋಡಣೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಹೋದರೆ ಉಳಿದ 22ಕ್ಕೆ 4.7 ಕಿಲೋಓಮ್, ಕಾಲು ವ್ಯಾಟ್ ಸಾಕು, 4.7 ಮಿಲಿಆಂಪ್ ಬರುತ್ತದೆ. ಎಲ್‌ಇಡಿಯ ಉದ್ದ ಕಾಲು 14ರ ಕಡೆಗೆ, ಗಿಡ್ಡ ಕಾಲು 0 ವೋಲ್ಟ್ ಕಡೆಗೆ. ರೆಸಿಸ್ಟರ್ ಯಾವ ಕಾಲಿಗಿದ್ದರೂ ಒಂದೇ. ಬರಿ ಕಾಲುಗಳಿಗೆ ಸ್ಲೀವ್ ತೊಡಿಸಿ. ಲಿವರ್ ಅದುರಿದಂತೆಲ್ಲ ಅವು ಸ್ವಿಚ್ಚಿನ ಬಾಡಿಯನ್ನು ತಾಗುತ್ತವೆ.

ಇನ್‌ಪುಟ್ ಬದಲು ರಿಲೇ ಕಾಯಿಲ್ ಇದ್ದರೆ ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಬೇಕೇ ಬೇಕು, ಬೆಳ್ಳಿ ಪಟ್ಟಿ ಪ್ಲಸ್ ಕಡೆಗೆ. ಸ್ವಿಚ್ ತೆರೆದ ಕ್ಷಣ ಕಾಯಿಲ್ ಉಲ್ಟಾ ವೋಲ್ಟೇಜ್ ಒದೆಯುತ್ತದೆ. ಸಾಮಾನ್ಯ ಎಲ್‌ಇಡಿ ತಡೆಯುವುದು 5 ವೋಲ್ಟ್ ಅಷ್ಟೇ. ಪದೇ ಪದೇ ಎಲ್‌ಇಡಿ ಸಾಯುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

230 ವೋಲ್ಟ್ ಎಸಿಗೆ ನಿಯಾನ್ ದೀಪ, ಜೊತೆಗೆ 220 ಕಿಲೋಓಮ್ ಅರ್ಧ ವ್ಯಾಟ್ ರೆಸಿಸ್ಟರ್. ಹರಿಯುವುದು ಸುಮಾರು 0.8 ಮಿಲಿಆಂಪ್ ಆದ್ದರಿಂದ ಕಾಂಟ್ಯಾಕ್ಟರ್ ಕಾಯಿಲ್‌ಗೆ ತೊಂದರೆಯಿಲ್ಲ.

ಸುರಕ್ಷತೆಗಾಗಿ ಇಟ್ಟ ಎನ್‌ಸಿ ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ ಯಾವ ದೀಪವನ್ನೂ ಕಟ್ಟಬೇಡಿ. ಕಾಂಟ್ಯಾಕ್ಟ್ ತೆರೆದರೂ ದೀಪದೊಳಗಿಂದ ಕರೆಂಟ್‌ಗೆ ಹಾದಿ ಉಳಿಯುತ್ತದೆ. ಅಲ್ಲಿ ದೀಪ ಬೇಕಿದ್ದರೆ ಅದೇ ಸ್ವಿಚ್ಚಿನ ಇನ್ನೊಂದು ಕಾಂಟ್ಯಾಕ್ಟ್ ಬಳಸಿ.

ಸಪ್ಲೈ ಕೊಟ್ಟ ಮೇಲೆ ಬರಿ ದೀಪ ನೋಡಿ ಮುಗಿಸಬೇಡಿ. ಲಿವರ್ ಬಿಟ್ಟು ಪಿಎಲ್‌ಸಿ ಟರ್ಮಿನಲ್‌ನಲ್ಲೇ ವೋಲ್ಟೇಜ್ ಅಳೆಯಿರಿ: ಸೊನ್ನೆಯ ಹತ್ತಿರ ಇರಬೇಕು (1.5 ಕಿಲೋಓಮ್ ಹಾಕಿದಲ್ಲಿ 4ರ ಹತ್ತಿರ). ಒತ್ತಿದಾಗ ಹೆಚ್ಚುಕಡಿಮೆ 24. ದೀಪ ಉರಿದೂ ಇಲ್ಲಿ 24 ಬರದಿದ್ದರೆ ತಪ್ಪು ಸ್ವಿಚ್ಚಿನದಲ್ಲ, ನಡುವಿನ ಕೇಬಲ್‌ನದು.

ದೀಪ ಕಾಣಲೆಂದು ಸ್ವಿಚ್ಚಿನ ಬಾಡಿಯಲ್ಲಿ ತೂತು ಕೊರೆದರೆ ಧೂಳು, ನೀರು ತಡೆಯುವ ಐಪಿ67 ರಕ್ಷಣೆ ಅಲ್ಲಿಗೆ ಮುಗಿಯಿತು, ಕೂಲಂಟ್ ನೇರ ಒಳಗೆ. ಆ ಮಾಡೆಲ್‌ಗೆ ದೀಪವಿರುವ ಮುಚ್ಚಳ ಸಿಗುತ್ತದೆಯೇ ವಿಚಾರಿಸಿ. ಇಲ್ಲದಿದ್ದರೆ ದೀಪವನ್ನು ಜಂಕ್ಷನ್ ಬಾಕ್ಸ್‌ಗೆ ಹಾಕಿ, ಕೇಬಲ್ ಗ್ಲ್ಯಾಂಡ್ ಕೆಳಮುಖವಾಗಿರಲಿ.